ನಲವತ್ತನೆಯ ಕವಲು

42 ಕಿಲೋ 600 ಗ್ರಾಂ. ಶಿರಸಿಯ ಒಂದು ಅಡಿಕೆ ವಖಾರಿಯ ಗೋದಾಮಿನಲ್ಲಿ ಅಷ್ಟು ಕಾಳುಮೆಣಸು ಕಡಿಮೆ ಬಿದ್ದಿದೆ ಎಂದು ನಾನು ಬರೆದ ಪ್ರೋಗ್ರಾಂ ಹೇಳಿತು. ಕಿಲೋಗೆ 350 ರೂಪಾಯಿಯಂತೆ ಹಿಡಿದರೆ 14,910 ರೂಪಾಯಿಯ ಮಾಲು. ಆ ಗೋದಾಮನ್ನು ಇಪ್ಪತ್ತು ವರ್ಷದಿಂದ ನೋಡಿಕೊಳ್ಳುತ್ತಿರುವವರನ್ನು ನಾನು ಅಣ್ಣ ಎಂದೇ ಕರೆಯುತ್ತೇನೆ. ವಖಾರಿಯ ಯಜಮಾನರು ಅವರ ಮೇಲೆ ಸಂಶಯಪಟ್ಟು ಏನೂ ಹೇಳಲಿಲ್ಲ. "ಒಮ್ಮೆ ನೋಡಿ" ಎಂದರು, ಅಷ್ಟೇ. ಆದರೆ ಆ ಒಂದು ಮಾತಿಗೆ ಅಣ್ಣ ರಾತ್ರಿ ಇಬ್ಬರು ಹಮಾಲರನ್ನು ಕರೆದುಕೊಂಡು ಎಲ್ಲ ಚೀಲಗಳನ್ನೂ ಮತ್ತೆ ಕಾಟಾದ ಮೇಲೆ ಇಳಿಸಿ ತೂಗಿದರು. ಮರುದಿನ ಬೆಳಿಗ್ಗೆ ದೇವಿಕೆರೆಯ ಹತ್ತಿರದ ನನ್ನ ಕೋಣೆಗೆ ಬಂದು ಒಂದು ಹಾಳೆಯನ್ನು ಮೇಜಿನ ಮೇಲಿಟ್ಟರು.

"ತಮ್ಮಾ, ಚೀಲ 71 ಇವೆ. ಒಂದರ ಹೊಲಿಗೆಯನ್ನೂ ಬಿಚ್ಚಿಲ್ಲ. ಕಾಟಾದ ಲೆಕ್ಕ ಒಂದು, ನಿನ್ನ ಕಾಗದದ ಲೆಕ್ಕ ಇನ್ನೊಂದು. ಎಲ್ಲಿ ತಪ್ಪಿದೆ ನೋಡು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. ಅವರು ಹೋದ ಮೇಲೆ ನಾನು ಮೊಬೈಲಿನಲ್ಲಿ 42.6 ಅನ್ನು 71ರಿಂದ ಭಾಗಿಸಿದೆ. ಉತ್ತರ 0.6 ಬಂತು, ಹಿಂದೆ ಮುಂದೆ ಒಂದು ಚೂರೂ ಇಲ್ಲ. ಆರುನೂರು ಗ್ರಾಂ ಎಂದರೆ ಆ ವಖಾರಿಯವರು ಮೆಣಸಿಗೆ ಬಳಸುವ ಖಾಲಿ ಚೀಲದ ತೂಕ. ಕಳುವಾಗಿಲ್ಲ, ಸೋರಿಲ್ಲ, ಇಲಿ ತಿಂದಿಲ್ಲ. ನನ್ನ ಪ್ರೋಗ್ರಾಂ ಚೀಲವನ್ನೂ ಮೆಣಸೆಂದು ಎಣಿಸಿತ್ತು.

ಆಬ್ಜೆಕ್ಟ್, ಕ್ಲಾಸ್, ಪಾಲಿಮಾರ್ಫಿಸಂ ಎಂಬ ಪ್ರೋಗ್ರಾಮಿಂಗ್ ಪದಗಳನ್ನು ನಾನು ಕಾಲೇಜಿನಲ್ಲಿ ಪರೀಕ್ಷೆಗೆಂದು ಓದಿದ್ದೆ. ನಾಯಿ ಬೊಗಳುತ್ತದೆ, ಬೆಕ್ಕು ಮ್ಯಾವ್ ಎನ್ನುತ್ತದೆ, ಎರಡೂ ಪ್ರಾಣಿಗಳು ಎಂಬ ಉದಾಹರಣೆಯನ್ನು ಬರೆದು ಅಂಕ ಪಡೆದಿದ್ದೆ. ಅವು ಯಾತಕ್ಕೆ ಬೇಕು ಎಂಬುದು ತಿಳಿದದ್ದು ಆ ಬೆಳಿಗ್ಗೆ.

ಹಳೆಯ ಪ್ರೋಗ್ರಾಂ ಹೇಗಿತ್ತು ಎಂದು ಹೇಳಬೇಕು. ವಖಾರಿಗೆ ಏಳು ಬಗೆಯ ಮಾಲು ಬರುತ್ತಿತ್ತು: ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಚಾಲಿ, ಬಿಳಿಗೋಟು, ಇವುಗಳ ಜೊತೆಗೆ ಹಸಿ ಅಡಿಕೆ. ಪ್ರೋಗ್ರಾಮಿನಲ್ಲಿ ಐದು ಮುಖ್ಯ ಫಂಕ್ಷನ್‌ಗಳಿದ್ದವು. ಒಂದು ನಿವ್ವಳ ತೂಕ ಹೇಳುತ್ತಿತ್ತು, ಒಂದು ಮೊತ್ತ, ಒಂದು ಕಡಿತ. ಒಂದು ರೈತರ ಕೈಗೆ ಕೊಡುವ ಪಟ್ಟಿಯಲ್ಲಿ ಸಾಲು ಮುದ್ರಿಸುತ್ತಿತ್ತು, ಇನ್ನೊಂದು ಗೋದಾಮಿನ ದಾಸ್ತಾನಿಗೆ ಬರೆದುಕೊಳ್ಳುತ್ತಿತ್ತು. ಪ್ರತಿಯೊಂದು ಫಂಕ್ಷನ್ನಿನ ಒಳಗೂ ಒಂದೇ ಪ್ರಶ್ನೆ: ಇದು ರಾಶಿಯೇ? ಅಲ್ಲವಾದರೆ ಬೆಟ್ಟೆಯೇ? ಅದೂ ಅಲ್ಲವಾದರೆ ತಟ್ಟಿಬೆಟ್ಟೆಯೇ? ಹೀಗೆ ಏಳು ಕವಲು, ಕೊನೆಯಲ್ಲಿ "ಉಳಿದದ್ದಕ್ಕೆಲ್ಲ" ಎಂಬ ಎಲ್ಸ್. ಏಳನ್ನು ಐದರಿಂದ ಗುಣಿಸಿದರೆ ಮೂವತ್ತೈದು ಕವಲು. ವಖಾರಿಯವರು ಕಾಳುಮೆಣಸನ್ನೂ ಕೊಳ್ಳಲು ಆರಂಭಿಸಿದಾಗ ನಾನು ಪ್ರತಿ ಫಂಕ್ಷನ್ನಿಗೂ ಒಂದೊಂದು ಕವಲು ಸೇರಿಸಬೇಕಿತ್ತು. ಒಟ್ಟು ನಲವತ್ತು ಆಗಬೇಕಿತ್ತು, ನಾನು ಬರೆದದ್ದು ಮೂವತ್ತೊಂಬತ್ತು. ದಾಸ್ತಾನಿನ ಫಂಕ್ಷನ್ ಬಿಟ್ಟುಹೋಗಿತ್ತು. ಅಲ್ಲಿ ಮೆಣಸು "ಉಳಿದದ್ದಕ್ಕೆಲ್ಲ" ಎಂಬ ಕವಲಿಗೆ ಬಿದ್ದು, ಕಾಟಾದ ತೂಕ ಇದ್ದ ಹಾಗೆಯೇ ದಾಖಲಾಗುತ್ತಿತ್ತು.

ಇಂತಹ ಕೋಡಿನ ದೊಡ್ಡ ಕೆಡುಕು ಅದರ ಉದ್ದವಲ್ಲ, ಅದರ ಮೌನ. ಒಂದು ಕವಲು ಬಿಟ್ಟುಹೋದರೆ ಪ್ರೋಗ್ರಾಂ ನಿಲ್ಲುವುದಿಲ್ಲ, ದೂರುವುದಿಲ್ಲ. ಏನೋ ಒಂದು ಅಂಕೆ ಕೊಡುತ್ತದೆ, ಕಾಗದ ಚೆನ್ನಾಗಿಯೇ ಮುದ್ರಣವಾಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಬರೆಯುತ್ತಿದ್ದುದೂ ಇದಕ್ಕೆ ತುಪ್ಪ ಸುರಿದಿತ್ತು. ತಟ್ಟಿಬೆಟ್ಟೆಗೆ ಟಿ ಎಷ್ಟು ಎಂಬುದರಲ್ಲಿ ನನಗೆ ನನ್ನೊಳಗೇ ಒಮ್ಮತವಿರಲಿಲ್ಲ. ಒಂದು ಫಂಕ್ಷನ್ನಿನಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ. ಅಕ್ಷರ ಹೊಂದದಿದ್ದರೆ ಮತ್ತೆ ಅದೇ ಎಲ್ಸ್ ಕವಲಿಗೆ. ನಾನು ಬಳಸುವ ಪ್ರೋಗ್ರಾಮಿಂಗ್ ಭಾಷೆ ಪೈಥಾನ್. 2008ರ ಡಿಸೆಂಬರಿನಲ್ಲಿ ಬಂದ ಅದರ ಮೂರನೆಯ ಆವೃತ್ತಿ ಪೈಥಾನ್ 3ರಿಂದ ಈಚೆಗೆ ವೇರಿಯಬಲ್, ಕ್ಲಾಸುಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು. ಈಗ ಈ ಕೆಲಸದಲ್ಲಿ ನಾನು ಹಾಗೆಯೇ ಬರೆಯುತ್ತೇನೆ. ಕೆಂಪುಗೋಟಿಗೆ ಇಂಗ್ಲಿಷ್ ಹೆಸರು ಹುಡುಕುವುದು ವ್ಯರ್ಥ ಶ್ರಮ. ಆ ಪದದ ಅರ್ಥ ಗೊತ್ತಿರುವವರೆಲ್ಲರೂ ಕನ್ನಡ ಓದುವವರೇ.

ನಲವತ್ತನೆಯ ಕವಲನ್ನು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಒಂಬತ್ತನೆಯ ಮಾಲು ಬಂದ ದಿನ ಮತ್ತೊಬ್ಬರು ರಾತ್ರಿಯಿಡೀ ಚೀಲ ಎತ್ತಬೇಕಾಗುತ್ತದೆ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ. ಇಡೀ ಭಾಗವನ್ನು ಕ್ಲಾಸುಗಳಲ್ಲಿ ಮತ್ತೆ ಬರೆಯಲು ಕುಳಿತೆ. ಕ್ಲಾಸು ಎಂದರೆ ಒಂದು ಬಗೆಯ ವಸ್ತುವಿನ ಮಾಹಿತಿಯನ್ನೂ ಅದರ ಲೆಕ್ಕದ ನಡೆಯನ್ನೂ ಒಟ್ಟಿಗೆ ಇಡುವ ಅಚ್ಚು, ಆ ಅಚ್ಚಿನಿಂದ ತೆಗೆದ ಒಂದೊಂದು ವಸ್ತು ಆಬ್ಜೆಕ್ಟ್.

ಮೊದಲ ಪ್ರಯತ್ನ ಕೆಟ್ಟದಾಗಿತ್ತು. ಎಂಟು ಬಗೆಯ ಮಾಲಿಗೆ ಎಂಟು ಕ್ಲಾಸು ಮಾಡಿದೆ. ರಾಶಿಗೊಂದು, ಬೆಟ್ಟೆಗೊಂದು, ಚಾಲಿಗೊಂದು. ಪ್ರತಿಯೊಂದರಲ್ಲೂ ಐದು ಮೆಥಡ್, ಅಂದರೆ ಕ್ಲಾಸಿನೊಳಗಿನ ಫಂಕ್ಷನ್. ಇಫ್‌ಗಳು, ಅಂದರೆ ಆ ಕವಲಿನ ಪ್ರಶ್ನೆಗಳು, ಹೋದವು, ನಿಜ. ಆದರೆ 312 ಸಾಲಿನ ಕೋಡು 340 ಸಾಲಾಯಿತು. ರಾಶಿಯ ಕ್ಲಾಸನ್ನೂ ಬೆಟ್ಟೆಯ ಕ್ಲಾಸನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಹೆಸರೊಂದನ್ನು ಬಿಟ್ಟು ಅಕ್ಷರ ಅಕ್ಷರವೂ ಒಂದೇ. ನಲವತ್ತು ಕವಲುಗಳು ಮನೆ ಬದಲಾಯಿಸಿದ್ದವು, ಅಷ್ಟೇ.

ಹಾಗಾದರೆ ಎರಡು ಮಾಲು ಎಲ್ಲಿ ಬೇರೆಯಾಗುತ್ತವೆ? ತೋಟದಲ್ಲಿ, ಅಂಗಳದಲ್ಲಿ ಬೇಕಾದಷ್ಟು ವ್ಯತ್ಯಾಸವಿದೆ. ರಾಶಿಯನ್ನು ಎಳೆಯದಾಗಿರುವಾಗಲೇ ಕೊಯ್ದು, ಸುಲಿದು, ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿ ಉಳಿದ ರಸದಲ್ಲಿ, ಬೇಯಿಸಿ ಒಣಗಿಸುತ್ತಾರೆ. ಚಾಲಿ ಎಂದರೆ ಹಣ್ಣಡಿಕೆಯನ್ನು ಸಿಪ್ಪೆಯ ಸಮೇತ ತಿಂಗಳಿಗೂ ಮಿಕ್ಕಿ ಬಿಸಿಲಿಗೆ ಹಾಕಿ ಆಮೇಲೆ ಸುಲಿದದ್ದು. ಬಣ್ಣ ಬೇರೆ, ರುಚಿ ಬೇರೆ, ಕೊಳ್ಳುವ ಊರು ಬೇರೆ, ದರವಂತೂ ದಿನಕ್ಕೊಂದು. 2019ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಾಗ ನಮ್ಮ ಊರಿನವರು ಹೆಮ್ಮೆಪಟ್ಟದ್ದೂ ಈ ಗುಣಗಳಿಗಾಗಿಯೇ. ಆದರೆ ಪಟ್ಟಿ ಬರೆಯುವ ಪ್ರೋಗ್ರಾಮಿಗೆ ಇದಾವುದೂ ಕಾಣುವುದಿಲ್ಲ. ಚಾಲಿಯೂ ಚೀಲದಲ್ಲಿ ಬರುತ್ತದೆ, ರಾಶಿಯೂ ಚೀಲದಲ್ಲಿ ಬರುತ್ತದೆ. ಕಾಟಾದ ತೂಕದಿಂದ ಚೀಲದ ತೂಕ ಕಳೆ, ದರದಿಂದ ಗುಣಿಸು. ಆರು ಬಗೆಯ ಒಣ ಅಡಿಕೆಗೂ ಲೆಕ್ಕದ ನಡೆ ಒಂದೇ. ಬದಲಾಗುವುದು ಹೆಸರು ಮತ್ತು ದರ. ಹೆಸರು, ದರ ಎಂಬುವು ಮಾಹಿತಿ. ಮಾಹಿತಿಗೆ ಒಂದು ಕೋಷ್ಟಕ ಸಾಕು, ಕ್ಲಾಸು ಬೇಡ. ನಡೆ ಬೇರೆಯಾದಲ್ಲಿ ಮಾತ್ರ ಕ್ಲಾಸು ಬೇಕು.

ತೆರಿಗೆಯ ವಿಷಯವೂ ಹೀಗೆಯೇ. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಒಣ ಅಡಿಕೆಗೆ ಶೇ. 5 ಎಂದಾದಾಗ ನಾನು ಖರೀದಿದಾರರ ಬಿಲ್ಲಿನ ಕೋಡಿನಲ್ಲಿ ಹಳೆಯ ದರವನ್ನು ಆರು ಕಡೆ ಹುಡುಕಿ ತಿದ್ದಿದ್ದೆ. ಅದು ಆರು ಕಡೆ ಇರಬೇಕಾದ ಅಂಕೆಯೇ ಆಗಿರಲಿಲ್ಲ.

ಹಸಿ ಅಡಿಕೆಯ ನಡೆ ಬೇರೆ. ಅದು ಚೀಲದಲ್ಲಿ ಬರುವುದಿಲ್ಲ. ಗಾಡಿಯನ್ನು ತುಂಬಿದಾಗ ಒಮ್ಮೆ, ಖಾಲಿ ಮಾಡಿ ಒಮ್ಮೆ ತೂಗುತ್ತಾರೆ. ಕಾಳುಮೆಣಸಿನ ನಡೆಯೂ ಬೇರೆ, ಅದರಲ್ಲೊಂದು ಸೂಕ್ಷ್ಮವಿದೆ. ಮೆಣಸಿನ ತೇವಾಂಶವನ್ನು ಮೀಟರಿನಲ್ಲಿ ಅಳೆಯುತ್ತಾರೆ. ಈ ವಖಾರಿಯ ಕ್ರಮದಲ್ಲಿ ಶೇ. 11ರವರೆಗೆ ಕಡಿತವಿಲ್ಲ, ಅದಕ್ಕಿಂತ ಎಷ್ಟು ಹೆಚ್ಚೋ ಅಷ್ಟು ಶೇಕಡಾ ತೂಕವನ್ನು ಹಣ ಕೊಡುವಾಗ ಮುರಿದುಕೊಳ್ಳುತ್ತಾರೆ. ಐದು ಚೀಲ, ಕಾಟಾದ ಮೇಲೆ 253 ಕಿಲೋ ಎಂದಿಟ್ಟುಕೊಳ್ಳಿ. ಚೀಲಕ್ಕೆ ಆರುನೂರು ಗ್ರಾಮಿನಂತೆ 3 ಕಿಲೋ ಹೋಗಿ 250 ಉಳಿಯಿತು. ಮೀಟರ್ ಶೇ. 13 ತೋರಿಸಿದರೆ ಇನ್ನೂ 5 ಕಿಲೋ ಮುರಿದು 245 ಕಿಲೋಗೆ ಹಣ. ಆದರೆ ಆ ಹೊತ್ತಿಗೆ ಗೋದಾಮಿನೊಳಗೆ ಇಳಿದಿರುವುದು 250 ಕಿಲೋ ಮೆಣಸು.

ಇದನ್ನು ಬರೆಯುವಾಗ ನನ್ನ ಕೈ ನಿಂತಿತು. ಹಳೆಯ ಪ್ರೋಗ್ರಾಮಿನ ನಿವ್ವಳ ತೂಕ ಎಂಬ ಫಂಕ್ಷನ್ ಮೆಣಸಿಗೆ 245 ಎಂದು ಹೇಳುತ್ತಿತ್ತು. ಅಂದರೆ ನಾನು ನಲವತ್ತನೆಯ ಕವಲನ್ನು ಮರೆಯದೆ ಬರೆದಿದ್ದರೂ ದಾಸ್ತಾನು ತಪ್ಪೇ ಆಗುತ್ತಿತ್ತು. ಈ ಬಾರಿ 5 ಕಿಲೋ ಕಡಿಮೆ ತೋರಿಸುತ್ತಿತ್ತು. ಮಾಲಿಗೆ ಎರಡು ತೂಕವಿದೆ. ಗೋದಾಮಿನಲ್ಲಿರುವ ತೂಕ ಒಂದು, ಹಣ ಕೊಡುವ ತೂಕ ಇನ್ನೊಂದು. ಅಡಿಕೆಯಲ್ಲಿ ಎರಡೂ ಒಂದೇ ಆಗಿದ್ದರಿಂದ ವರ್ಷಗಟ್ಟಲೆ ಆ ಭೇದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಣ್ಣನಿಗೆ ಅದು ಮೊದಲಿನಿಂದಲೂ ಗೊತ್ತಿತ್ತು. ನಾನು ಕೇಳಿರಲಿಲ್ಲ.

ಕಂಪ್ಯೂಟರ್ ಮುಟ್ಟುವ ಮೊದಲು ನೋಟ್‌ಬುಕ್ಕಿನಲ್ಲಿ ಹೀಗೆ ಗೀಚಿಕೊಂಡೆ. ಇದು ಓಡುವ ಕೋಡಲ್ಲ, ಅದರ ಅಸ್ಥಿಪಂಜರ. ಮಗು ಎಂದರೆ ತಾಯಿ ಕ್ಲಾಸಿನದನ್ನೆಲ್ಲ ಪಡೆದು, ಬೇಕಾದ್ದನ್ನಷ್ಟೇ ತಾನು ಹೇಳುವ ಕ್ಲಾಸು:

ಕ್ಲಾಸ್ ಮಾಲು
    ನಿವ್ವಳ_ತೂಕ: (ಇಲ್ಲಿ ಖಾಲಿ, ಕೆಳಗಿನವರೇ ಹೇಳಬೇಕು)
    ಹಣದ_ತೂಕ: ನಿವ್ವಳ_ತೂಕ
    ಮೊತ್ತ: ಹಣದ_ತೂಕ × ದರ

ಕ್ಲಾಸ್ ಚೀಲದಮಾಲು, ಮಾಲಿನ ಮಗು
    ನಿವ್ವಳ_ತೂಕ: ಕಾಟಾ_ತೂಕ − ಎಣಿಕೆ × ಚೀಲದ_ತೂಕ

ಕ್ಲಾಸ್ ಗಾಡಿಮಾಲು, ಮಾಲಿನ ಮಗು
    ನಿವ್ವಳ_ತೂಕ: ತುಂಬಿದ_ಗಾಡಿ − ಖಾಲಿ_ಗಾಡಿ

ಕ್ಲಾಸ್ ಕಾಳುಮೆಣಸು, ಚೀಲದಮಾಲಿನ ಮಗು
    ಹಣದ_ತೂಕ: ನಿವ್ವಳ_ತೂಕ − ಹೆಚ್ಚಿನ ತೇವದ ಕಡಿತ

ಇಷ್ಟೇ. ಯಜಮಾನರಿಗೆ ತೋರಿಸಿದಾಗ ಅವರು ಕನ್ನಡಕ ಏರಿಸಿ ಎರಡು ಸಲ ಓದಿ, "ಇದರಲ್ಲಿ ಅಡಿಕೆಯೇ ಇಲ್ಲವಲ್ಲ ಮಾರಾಯರೇ?" ಎಂದು ಕೇಳಿದರು. ಹೌದು, ಅಡಿಕೆ ವಖಾರಿಯ ಪ್ರೋಗ್ರಾಮಿನಲ್ಲಿ ಒಣ ಅಡಿಕೆ ಎಂಬ ಕ್ಲಾಸೇ ಇಲ್ಲ. ರಾಶಿಯಿಂದ ಬಿಳಿಗೋಟಿನವರೆಗೆ ಆರೂ ಚೀಲದಮಾಲು ಎಂಬ ಒಂದೇ ಕ್ಲಾಸಿನ ಆಬ್ಜೆಕ್ಟುಗಳು. ನನಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಸಂತೋಷ ಕೊಟ್ಟದ್ದು ಇದೇ.

ಪಟ್ಟಿ ಬರೆಯುವ ಫಂಕ್ಷನ್ ಈಗ "ನೀನು ಯಾರು" ಎಂದು ಕೇಳುವುದಿಲ್ಲ. ಮಾಲಿನ ಮೊತ್ತ ಎಷ್ಟು ಎಂದಷ್ಟೇ ಕೇಳುತ್ತದೆ. ಚೀಲದಮಾಲು ತನ್ನ ರೀತಿಯಲ್ಲಿ ಹೇಳುತ್ತದೆ, ಗಾಡಿಮಾಲು ತನ್ನ ರೀತಿಯಲ್ಲಿ. ದಾಸ್ತಾನು ನಿವ್ವಳ ತೂಕ ಕೇಳುತ್ತದೆ. ಪಾಲಿಮಾರ್ಫಿಸಂ, ಬಹುರೂಪತೆ ಎಂದು ನಾವು ಬಾಯಿಪಾಠ ಮಾಡಿದ್ದು ಇದನ್ನೇ: ಕೇಳುವ ಮಾತು ಒಂದು, ಉತ್ತರಿಸುವ ಬಗೆ ಹಲವು. "ಯಾವ ಬಗೆ" ಎಂಬ ಪ್ರಶ್ನೆ ಪೂರ್ತಿ ಮಾಯವಾಗುತ್ತದೆ ಎಂದು ಕೆಲವರು ಹೇಳುವುದುಂಟು, ಅದು ಸರಿಯಲ್ಲ. ಮಾಲು ವಖಾರಿಯ ಬಾಗಿಲಿಗೆ ಬಂದಾಗ ಒಮ್ಮೆ ಅದನ್ನು ಕೇಳಲೇಬೇಕು. ಹೆಸರನ್ನು ಕ್ಲಾಸಿಗೆ ಜೋಡಿಸುವ ಒಂದು ಕೋಷ್ಟಕವಿದೆ, ಅಲ್ಲಿ ಕೇಳಿ ಮುಗಿಯಿತು. ಐದು ಕಡೆ ಕೇಳುತ್ತಿದ್ದುದನ್ನು ಒಂದು ಕಡೆ ಕೇಳುತ್ತೇವೆ.

ಮೇಲಿನ ಗೀಚಿನಲ್ಲಿ "ಖಾಲಿ" ಎಂದಿರುವ ಸಾಲಿಗೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಪೈಥಾನಿನಲ್ಲಿ ಅದನ್ನು ಅಬ್‌ಸ್ಟ್ರಾಕ್ಟ್ ಮೆಥಡ್ ಎಂದು ಗುರುತಿಸಬಹುದು. ಆಗ ನಿವ್ವಳ ತೂಕ ಹೇಳದ ಮಗು ಕ್ಲಾಸಿನಿಂದ ಆಬ್ಜೆಕ್ಟ್ ಮಾಡಲು ಹೋದರೆ ಪ್ರೋಗ್ರಾಂ ಅಲ್ಲಿಯೇ ದೋಷ ತೋರಿಸಿ ನಿಲ್ಲುತ್ತದೆ. ಪಟ್ಟಿ ಮುದ್ರಣವಾಗುವುದಿಲ್ಲ, ದಾಸ್ತಾನು ಬರೆಯುವುದಿಲ್ಲ, ಯಾರ ಮೇಲೂ ಸಂಶಯ ಹುಟ್ಟುವುದಿಲ್ಲ. ಮೊದಲಿನ ಎಲ್ಸ್ ಮರೆವನ್ನು ಮುಚ್ಚಿಡುತ್ತಿತ್ತು. ಇದು ಮರೆತವನ ಮುಂದೆಯೇ ಕೂಗಿ ಹೇಳುತ್ತದೆ.

ಈ ಕಲ್ಪನೆ ಹುಟ್ಟಿದ್ದು 1960ರ ದಶಕದಲ್ಲಿ, ನಾರ್ವೆಯ ಒಸ್ಲೊದಲ್ಲಿ. ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನ ಓಲೆ ಯೊಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ಸಿಮುಲಾ 67 ಎಂಬ ಭಾಷೆಯನ್ನು ರೂಪಿಸಿದರು. ಕ್ಲಾಸು, ಮಗು ಕ್ಲಾಸು, ಮಗು ಬದಲಿಸಬಹುದಾದ ವರ್ಚುವಲ್ ಪ್ರೊಸೀಜರ್ ಎಲ್ಲವೂ ಅದರಲ್ಲಿದ್ದವು. ಅವರ ಮುಂದಿದ್ದ ಉದಾಹರಣೆಗಳಲ್ಲಿ ಒಂದು ಸೇತುವೆಯ ಟೋಲ್ ಗೇಟು: ಸಾಲಿನಲ್ಲಿ ಲಾರಿ, ಬಸ್ಸುಗಳು ನಿಂತಿವೆ, ಸಾಲಿಗೆ ಅವೆಲ್ಲ ಬರೀ ವಾಹನಗಳು, ಆದರೆ ಪ್ರತಿಯೊಂದರ ಒಳಗುಟ್ಟು ಬೇರೆ. ಈ ಕೆಲಸಕ್ಕೆ ಅವರಿಬ್ಬರಿಗೂ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2001ರ ಸಾಲಿಗೆ ಬಂತು. ಕಾರವಾರಕ್ಕೆ ಹೋಗುವಾಗ ಹೆದ್ದಾರಿ 66ರ ಟೋಲಿನಲ್ಲಿ ಮೀನಿನ ಲಾರಿಯ ಹಿಂದೆ ನಿಂತಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಕಾಲೇಜಿನ ನಾಯಿ ಬೆಕ್ಕಿಗಿಂತ ಈ ಉದಾಹರಣೆಯನ್ನೇ ಹೇಳಿಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಮಗು ಕ್ಲಾಸು ಮಾಡುವ ರುಚಿ ಹತ್ತಿದರೆ ನಿಲ್ಲಿಸುವುದು ಕಷ್ಟ. ಸದಸ್ಯ ರೈತರಿಗೆ ಕಡಿತ ಬೇರೆ, ಸದಸ್ಯರಲ್ಲದವರಿಗೆ ಬೇರೆ. ಸರಿ, ಸದಸ್ಯರ ಚೀಲದಮಾಲು, ಸದಸ್ಯರಲ್ಲದವರ ಚೀಲದಮಾಲು ಎಂದು ಶುರು ಮಾಡಿದೆ. ಮೂರು ಇದ್ದದ್ದು ಆರಾಯಿತು. ವಖಾರಿಯ ಗಾಡಿಯಲ್ಲಿ ತಂದರೆ ಸಾಗಾಟ ಮುರಿಯಬೇಕು, ಸ್ವಂತ ಗಾಡಿಯಾದರೆ ಬೇಡ, ಹನ್ನೆರಡಾಯಿತು. ಅಲ್ಲಿಗೆ ಎಚ್ಚೆತ್ತುಕೊಂಡೆ. ಕಡಿತ ಎಂಬುದು ಮಾಲಿನ ಗುಣವಲ್ಲ, ವ್ಯವಹಾರದ ಗುಣ. ಪಟ್ಟಿಯ ಹತ್ತಿರ ಕಡಿತಗಳ ಒಂದು ಯಾದಿ ಇರಲಿ. ಹಮಾಲಿ, ಸಾಗಾಟ, ಮುಂಗಡ ಪ್ರತಿಯೊಂದೂ ಮಾಲನ್ನು ನೋಡಿ ತನ್ನ ಮೊತ್ತ ಹೇಳಲಿ. ಇವುಗಳಿಗೆ ತಾಯಿ ಕ್ಲಾಸು ಕೂಡ ಬೇಕಾಗಲಿಲ್ಲ. ಪೈಥಾನಿಗೆ ವಂಶ ಮುಖ್ಯವಲ್ಲ, ಕೇಳಿದ ಮೆಥಡ್ ಇದ್ದರೆ ಸಾಕು.

ಇಲ್ಲೇ ಇನ್ನೊಂದು ಎಡವಟ್ಟಾಯಿತು. ಆತುರದಲ್ಲಿ ಎಣಿಕೆಯನ್ನು ತಾಯಿ ಕ್ಲಾಸಿನಲ್ಲಿಟ್ಟು, ಚೀಲವೇ ಇಲ್ಲದ ಗಾಡಿಮಾಲಿಗೆ ಸೊನ್ನೆ ಎಂದು ಕೊಟ್ಟಿದ್ದೆ. ಹಮಾಲಿ ಚೀಲಕ್ಕೆ ಇಷ್ಟೆಂದು ಲೆಕ್ಕ. ಪರೀಕ್ಷೆಗೆ ಮುದ್ರಿಸಿದ ಪಟ್ಟಿಯಲ್ಲಿ ಹಸಿ ಅಡಿಕೆ ಇಳಿಸಿದವರ ಹಮಾಲಿ ಸೊನ್ನೆ ರೂಪಾಯಿ! ಹಾಳೆ ನನ್ನ ಕೋಣೆ ದಾಟುವ ಮೊದಲೇ ಕಣ್ಣಿಗೆ ಬಿತ್ತು. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ 1987ರ ಭಾಷಣದಲ್ಲಿ ಎತ್ತಿದ ಮಾತು ಇದಕ್ಕೇ ಸಂಬಂಧಿಸಿದ್ದು: ತಾಯಿ ನಿಲ್ಲುವ ಜಾಗದಲ್ಲಿ ಮಗುವನ್ನು ನಿಲ್ಲಿಸಿದರೆ ಲೆಕ್ಕ ಕೆಡಬಾರದು. ಸೊನ್ನೆ ಚೀಲ ಎಂಬುದು ಉತ್ತರವಲ್ಲ, ಉತ್ತರ ತಪ್ಪಿಸಿಕೊಳ್ಳುವುದು. ಎಣಿಕೆಯನ್ನು ಚೀಲದಮಾಲಿಗೆ ಇಳಿಸಿದೆ, ತಾಯಿಯಲ್ಲಿ "ಹೊರೆ" ಎಂಬ ಇನ್ನೊಂದು ಖಾಲಿ ಮೆಥಡ್ ಇಟ್ಟೆ. ಚೀಲದಮಾಲು ಹೊರೆಯನ್ನು ಚೀಲದಲ್ಲಿ ಹೇಳುತ್ತದೆ, ಗಾಡಿಮಾಲು ಕ್ವಿಂಟಾಲಿನಲ್ಲಿ. ದರ ಅದಕ್ಕೆ ತಕ್ಕಂತೆ.

ಕೊನೆಗೆ ಎಲ್ಲ ಸೇರಿ 96 ಸಾಲಾಯಿತು. ಸಾಲುಗಳನ್ನು ಇನ್ನೂ ಹಿಂಡಿ ಅರವತ್ತಕ್ಕೆ ಇಳಿಸಬಹುದು. ನಾನು ಇಳಿಸುವುದಿಲ್ಲ. ಮೂರು ಲೆಕ್ಕವನ್ನು ಒಂದೇ ಸಾಲಿಗೆ ತುರುಕಿದರೆ ಕೋಡು ಚಿಕ್ಕದಾಗುವುದಿಲ್ಲ, ಇಕ್ಕಟ್ಟಾಗುತ್ತದೆ.

ಕಳೆದ ಬೇಸಿಗೆಯಲ್ಲಿ ಕಾರವಾರದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿನಿ ಎರಡು ತಿಂಗಳು ನನ್ನ ಹತ್ತಿರ ಕೆಲಸ ಕಲಿಯಲು ಬಂದಿದ್ದಳು. ಚುರುಕು ಹುಡುಗಿ. 2018ರ ಪೈಥಾನ್ 3.7ರಲ್ಲಿ ಬಂದ ಡೇಟಾಕ್ಲಾಸ್ ಬಳಸಿ, ಹೆಸರು, ದರ, ತೂಕಗಳನ್ನು ಒಂದೊಂದಾಗಿ ತುಂಬಿಕೊಳ್ಳುತ್ತಿದ್ದ ನನ್ನ ಸಾಲುಗಳನ್ನು ಮೊದಲ ವಾರದಲ್ಲೇ ತೆಗೆದುಹಾಕಿದಳು. ಅದೇ ಹೊತ್ತಿಗೆ ವಖಾರಿಯವರು ಜಾಯಿಪತ್ರೆಯನ್ನೂ ಕೊಳ್ಳಲು ಆರಂಭಿಸಿದರು. ಅದು ಚೀಲದಲ್ಲಿ ಬರುವುದಿಲ್ಲ, ತಗಡಿನ ಡಬ್ಬಿಯಲ್ಲಿ ಬರುತ್ತದೆ. ಅವಳು ಜಾಯಿಪತ್ರೆ ಎಂದು ಹೊಸ ಕ್ಲಾಸು ಬರೆಯಲು ಕುಳಿತಳು. ನಾನು ಏನೂ ಹೇಳಲಿಲ್ಲ. ನಿವ್ವಳ ತೂಕದ ಸಾಲು ಬರೆದು ಅವಳೇ ನಿಲ್ಲಿಸಿದಳು.

"ಸರ್, ಇದು ಚೀಲದಮಾಲಿನದೇ ಸಾಲಲ್ಲವೇ? ಚೀಲದ ಬದಲು ಡಬ್ಬಿಯ ತೂಕ, ಅಷ್ಟೇ."

ಬರೆದ ಕ್ಲಾಸನ್ನು ಅಳಿಸಿದಳು. ಚೀಲದ_ತೂಕ ಎಂಬ ಹೆಸರನ್ನು ಎಲ್ಲ ಕಡೆ ಖಾಲಿ_ತೂಕ ಎಂದು ಬದಲಿಸಿದಳು. ಕೋಷ್ಟಕದಲ್ಲಿ ಜಾಯಿಪತ್ರೆ ಎಂದು ಒಂದು ಸಾಲು ಸೇರಿಸಿ, ಅಂಕೆಯ ಜಾಗದಲ್ಲಿ ಕರ್ಸರ್ ನಿಲ್ಲಿಸಿ ನನ್ನ ಮುಖ ನೋಡಿದಳು. ಖಾಲಿ ಡಬ್ಬಿ ಎಷ್ಟು ತೂಗುತ್ತದೆ ಎಂಬುದು ನನಗೂ ಗೊತ್ತಿರಲಿಲ್ಲ. ಇಬ್ಬರೂ ಗೋದಾಮಿಗೆ ನಡೆದೆವು. ಅಣ್ಣ ಒಂದು ಡಬ್ಬಿಯನ್ನು ಬಟ್ಟೆಯಿಂದ ಒರೆಸಿ, ಮುಚ್ಚಳ ಹಾಕಿ ಕಾಟಾದ ಮೇಲಿಟ್ಟರು. ಅಂಕೆ ನಿಲ್ಲುವವರೆಗೆ ಕಾದರು.

"1 ಕಿಲೋ 200 ಗ್ರಾಂ. ಮುಚ್ಚಳ ಸೇರಿ. ಬರೆದುಕೋ ತಂಗಿ."